ರೆಕ್ಕೆಯ ಕೆಳಗಿನ ಕಪ್ಪು ಬಟ್ಟೆ

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸ್ಟೇಡಿಯಂಗಳಲ್ಲಿ ಕಟ್ಟುವ ವೇದಿಕೆಯ ಕಬ್ಬಿಣದ ಕಂಬಗಳನ್ನು ಮುಚ್ಚಲು ಕಪ್ಪು ಬಟ್ಟೆ ಹೊಲಿಯುವುದು ಅವರ ಕೆಲಸ. ಆ ಬಟ್ಟೆ ಕತ್ತಲಲ್ಲಿ ಕತ್ತಲಾಗಿಬಿಡಬೇಕು. ಹೊಲಿದದ್ದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಸೂಜಿಯ ತೂತಿನಷ್ಟು ಬೆಳಕು ಬಂದರೂ ಬಿಚ್ಚಿ ಮತ್ತೆ ಹೊಲಿಯುತ್ತಾರೆ.

ಈ ಸಲ ಒಂದು ರಾಕ್ ಬ್ಯಾಂಡಿನವರು ಹಕ್ಕಿಯ ರೆಕ್ಕೆಯಂಥ ವೇದಿಕೆ ಮಾಡಿಸಿದ್ದರು; ಅದರ ಕೆಳಗಿನ ಕಂಬಗಳಿಗೂ ಅತ್ತೆಯದೇ ಬಟ್ಟೆ. ಮೊದಲ ಕಾರ್ಯಕ್ರಮದ ಮರುದಿನ ಬೆಳಿಗ್ಗೆ, ಅಭಿಮಾನಿಗಳು ಬರೆದದ್ದನ್ನು ನಾನು ಫೋನಿನಲ್ಲಿ ನೋಡಿ ಅತ್ತೆಗೆ ಓದಿ ಹೇಳುತ್ತಿದ್ದೆ.

"'ಇದು ರೆಕ್ಕೆ ಅಲ್ಲ, ಬಟ್ಟೆ ಒಣಹಾಕೋ ಸ್ಟ್ಯಾಂಡು' ಅಂತೆ."

"ಅವನ ತಲೆ. ಮುಂದೆ ಓದು."

"'ಜನ್ಮ ಸಾರ್ಥಕ ಆಯ್ತು, ಕಣ್ಣಲ್ಲಿ ನೀರು ಬಂತು' ಅಂತೆ."

"ಬರ್ಲಿ. ಮುಂದೆ?"

"ಒಬ್ಬಳಿಗೆ ಭಾರೀ ಸಿಟ್ಟು ಅತ್ತೆ. 'ಅಷ್ಟು ದೊಡ್ಡ ರೆಕ್ಕೆಗೆ ಕೆಳಗೆ ಒಂದು ಕಂಬಾನೂ ಇಲ್ಲ! ಯಾವಾಗ ಬೀಳುತ್ತೋ ಅನ್ನೋ ಭಯಕ್ಕೆ ಒಂದು ಹಾಡೂ ಸರಿಯಾಗಿ ಕೇಳಕ್ಕಾಗ್ಲಿಲ್ಲ. ಮಾಡಿದವರಿಗೆ ಬುದ್ಧಿ ಬೇಡ್ವಾ?' ಅಂತ ಬರ್ದಿದ್ದಾಳೆ."

ಅತ್ತೆ ಕತ್ತರಿ ಕೆಳಗಿಟ್ಟರು. ಅವರ ಕೆಲಸವನ್ನು ಇದುವರೆಗೆ ಯಾರೂ ಹೊಗಳಿದ್ದಿಲ್ಲ. ಹೊಗಳುವುದಕ್ಕೆ ಅದು ಕಣ್ಣಿಗೆ ಬೀಳಬೇಕಲ್ಲ.

"ಪಾಪ, ಹೆದರಿಬಿಟ್ಟಿದೆ ಹುಡುಗಿ," ಎಂದರು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು. "ಅವಳು ಬೈದಿದ್ದನ್ನ ಇನ್ನೊಂದ್ಸಲ ಓದು. ನಿಧಾನಕ್ಕೆ."