ನಾನು ಬಿನವಿರೋಧ ಸೋತದ್ದು

ಶಾಲಾ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ನಾನು ನಿರ್ಧರಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಗಡ್ಡ ಮಾಡಿಕೊಳ್ಳುವಾಗ. ಅರ್ಧ ಮುಖದ ಮೇಲೆ ಸಾಬೂನು ಇರುವಾಗಲೇ ಒಳಗೆ ಹೋಗಿ ಹೆಂಡತಿಗೆ ತಿಳಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಚಹಾದಾಗ ಸಕ್ಕರಿ ಕಡಿಮಿ ಆದ್ರ ಹೇಳಾಕ ಹೆದರತೀರಿ. ಸಭಾದಾಗ ಏನ್ ಮಾತಾಡತೀರಿ?”

ಇಷ್ಟು ಪ್ರೋತ್ಸಾಹದೊಂದಿಗೆ ನನ್ನ ಸಾರ್ವಜನಿಕ ಜೀವನ ಆರಂಭವಾಯಿತು. ಅದರ ಆಯುಷ್ಯ ಆರು ದಿನ.

ನಮ್ಮೂರು ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನದು. ಶಾಲೆಯ ಒಂದೇ ಅಂಗಳದಲ್ಲಿ ಮರಾಠಿ ತರಗತಿಗಳೂ ಇವೆ, ಕನ್ನಡದವೂ ಇದ್ದವು. ಕನ್ನಡದ ಮಾಸ್ತರರು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಯಾರೂ ಬರಲಿಲ್ಲ. ಕೆಲವು ದಿನ ನೋಡಿ ಕುರ್ಚಿಯನ್ನೇ ಆಫೀಸಿಗೆ ಒಯ್ದರು. ಮೂರನೆಯ ತರಗತಿಯಲ್ಲಿದ್ದ ನನ್ನ ಮಗಳು ಮತ್ತು ಉಳಿದ ಕನ್ನಡದ ಮಕ್ಕಳು ಮರಾಠಿ ಕಲಿಸುವ ಬಾಯಿಯವರ, ಅಂದರೆ ಶಿಕ್ಷಕಿಯ, ಕೋಣೆಯ ಹಿಂದಿನ ಸಾಲಿನಲ್ಲಿ ಕೂತು, ಪುಸ್ತಕದಲ್ಲಿದ್ದುದನ್ನು ಹಾಗೆಯೇ ವಹಿಗೆ ಇಳಿಸುತ್ತಿದ್ದರು. ಬಾಯಿಯವರಿಗೆ ಕನ್ನಡ ಬಾರದು. ಅದು ಅವರ ತಪ್ಪಲ್ಲ. ಮಗಳು ಮುತ್ತಿನಂಥ ಅಕ್ಷರದಲ್ಲಿ ಮೂರು ವಹಿ ತುಂಬಿಸಿದಳು. ಅದರಲ್ಲಿ ಏನಿದೆ ಓದಿ ಹೇಳು ಎಂದರೆ ನನ್ನ ಮುಖ ನೋಡಿದಳು.

ಹೆಡ್‌ಮಾಸ್ತರರು ಗುಟ್ಟಾಗಿ ದಾರಿ ತೋರಿಸಿದ್ದರು. ಹೊಸ ಸಮಿತಿ ಕನ್ನಡ ಶಿಕ್ಷಕರು ಬೇಕೆಂದು ಠರಾವು ಬರೆದು, ಅಧ್ಯಕ್ಷನಾದವನು ಅದನ್ನು ಹಿಡಿದು ತಾಲೂಕಿನ ಕಚೇರಿಯ ಬಾಗಿಲು ಬಿಡದೆ ಕೂತರೆ ಮಾಸ್ತರರು ಸಿಗಬಹುದು. ಇಲ್ಲವಾದರೆ ಜೂನ್‌ನಿಂದ ಕನ್ನಡ ತರಗತಿ ಮುಚ್ಚಿ, ಮಕ್ಕಳನ್ನು ಮರಾಠಿಗೆ ಸೇರಿಸುತ್ತಾರೆ.

ಮನೆಮನೆಗೆ ಹೋದೆ. ಅರ್ಧ ಜನ ಸೊಲ್ಲಾಪುರದ ಎಂಐಡಿಸಿ ಕಾರ್ಖಾನೆಗಳಲ್ಲಿ ಟವೆಲ್ ಮಗ್ಗಕ್ಕೆ ಹೋಗುವವರು. ರವಿವಾರದ ತನಕ ಅವರ ಮುಖವೇ ಕಾಣುವುದಿಲ್ಲ. ಆದರೂ ಹೆಚ್ಚಿನವರು ಕೈ ಎತ್ತುತ್ತೇವೆ ಎಂದರು. ಅಧ್ಯಕ್ಷನನ್ನು ಆರಿಸುವ ಪಾಲಕರ ಸಭೆ ಶನಿವಾರ ಹನ್ನೊಂದಕ್ಕೆ. ನಾಲ್ಕು ಪುಟದ ಭಾಷಣ ಬರೆದೆ. ಅದರಲ್ಲಿ ‘ಪವಿತ್ರ ಕರ್ತವ್ಯ’ ಎಂಬ ಮಾತು ಐದು ಕಡೆ ಬಂದಿತ್ತು. ಎರಡನ್ನು ಹೊಡೆದುಹಾಕಿದೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಚುನಾವಣೆ ಆಗುವುದಿಲ್ಲ, ಬಿನವಿರೋಧ ಆಗುತ್ತದೆ. ಎದುರು ನಿಂತವನಿಲ್ಲದೆ ಗೆಲ್ಲುವುದಕ್ಕೆ ಇರುವ ಮರ್ಯಾದೆಯ ಹೆಸರು ಅದು. ಗ್ರಾಮ ಪಂಚಾಯ್ತಿ ಇರಲಿ, ಸೊಸಾಯಿಟಿ ಇರಲಿ, ಹಿಂದೆ ಸರಿದವನನ್ನು ಹಿರಿಯರು ಕರೆದು, ನಾಲ್ಕು ಜನರ ನಡುವೆ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಡುತ್ತಾರೆ. ಗೆದ್ದವನಿಗೆ ಸತ್ಕಾರ ಆಮೇಲೆ, ಸರಿದವನಿಗೆ ಮೊದಲು. ಇಂಥ ಎಷ್ಟೋ ಸತ್ಕಾರಗಳಲ್ಲಿ ನಾನೇ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು.

ಶನಿವಾರ ಒಂಬತ್ತಕ್ಕೆ ಕಾಕಾ ಮಾರುತಿ ಗುಡಿಯ ಕಟ್ಟೆಗೆ ಕರೆಸಿದ. ನಮ್ಮ ಮನೆತನದಲ್ಲಿ ಹಿರಿಯ. ಊರಿನಲ್ಲಿಯೂ ಅವನ ಮಾತೇ ಮಾತು. ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ. ಕಾಕಾ ನನ್ನ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ:

“ನಮ್ಮ ಹುಡುಗ ಸಾಲಿ ಸಲುವಾಗಿ ಭಾಳ ಓಡ್ಯಾಡ್ಯಾನ. ಊರಿನ ಮಾನ ಉಳಿಸ್ಯಾನ. ಬಾ ತಮ್ಮಾ, ತಲಿ ಬಗ್ಗಸು.”

ಬಗ್ಗಿಸಿದೆ. ಊರು ನನ್ನ ಬೆನ್ನಿಗೆ ನಿಂತಿತೆಂದೇ ತಿಳಿದೆ. ಕೇಸರಿ ಫೇಟಾ ಸುತ್ತಿದರು, ಶಾಲು ಬಂತು, ಕಾಯಿ ಬಂತು. ಮೊಬೈಲಿನಲ್ಲಿ ಫೋಟೋ ತೆಗೆಯುವವನು ನಗಲು ಹೇಳಿದ, ನಕ್ಕೆ. ಕಾಕಾನ ಮಗ, ನನ್ನ ಅಣ್ಣ, ಬಂದು ಬಿಗಿಯಾಗಿ ಅಪ್ಪಿಕೊಂಡು “ಉಪಕಾರ ಆತೋ ತಮ್ಮಾ” ಅಂದ. ಆಗ ಚಪ್ಪಾಳೆ ಶುರುವಾಯಿತು. ಆ ಚಪ್ಪಾಳೆ ನನಗೆ ಗೊತ್ತಿತ್ತು. ಅಣ್ಣನ ಹಿರಿಯ ಮಗ ಅಕ್ಕಲಕೋಟದ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾನೆ; ಕಿರಿಯವನನ್ನು ಆ ವರ್ಷ ನಮ್ಮ ಶಾಲೆಯ ಮರಾಠಿ ಒಂದನೆಯದಕ್ಕೆ ಹಚ್ಚಿದ್ದ. ಅಧ್ಯಕ್ಷನಾಗಲು ಪಾಲಕನಾಗಿರಬೇಕು; ಪಾಲಕನಾಗಲು ಅಷ್ಟು ಸಾಕು.

ಬೇಡವೆನ್ನಲು ಬಾಯಿ ಇತ್ತು. ಆದರೆ ಕಾಕಾನ ಕೈ ಇನ್ನೂ ಭುಜದ ಮೇಲಿತ್ತು, ಮತ್ತು ಫೇಟಾ ನನಗೆ ಒಪ್ಪುತ್ತಿತ್ತು. ಎರಡನ್ನೂ ಹೇಳಿಬಿಡಬೇಕು.

ಹನ್ನೊಂದಕ್ಕೆ ಎಲ್ಲರೂ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ನನ್ನ ತಲೆ ನೋಡಿ ಕಣ್ಣು ಕೆಳಗೆ ಮಾಡಿ, ಒಂದೇ ಹೆಸರು ಬಂದಿದೆ ಎಂದು ಮರಾಠಿಯಲ್ಲಿ ಓದಿದರು. ನನ್ನ ಪಕ್ಕದ ಜಮಖಾನೆಯ ಮೇಲೆ ಮಗಳ ಸಂಗಡ ಓದುವ ಹುಡುಗನ ತಾಯಿ ಕೂತಿದ್ದಳು. ಟವೆಲಿನ ಅಂಚು ಹೊಲಿಯುವ ಕೆಲಸದವಳು. ಸಣ್ಣ ದನಿಯಲ್ಲಿ ಕೇಳಿದಳು:

“ಅಣ್ಣಾರ, ಕೆಲಸಾ ಬಿಟ್ಟು ಬಂದೀನ್ರಿ. ಕೈ ಯಾವಾಗ ಎತ್ತೂದ್ರಿ?”

ನಾನು ತೆಂಗಿನಕಾಯಿಯ ಜುಟ್ಟು ಸರಿಮಾಡುತ್ತ ಕೂತೆ. ಆಕೆ ನನ್ನ ಫೇಟಾದ ಕಡೆ ಒಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡಳು. ಅಣ್ಣ ಆಯ್ಕೆಯಾದ. ಮೊದಲ ಭಾಷಣದಲ್ಲಿಯೇ ಶಾಲೆಗೆ ಕಂಪೌಂಡ್ ಗೋಡೆ ಎಷ್ಟು ಅಗತ್ಯವೆಂದು ಹೇಳಿದ. ಗೋಡೆ ಕಟ್ಟಿಸುವುದೇ ಅವನ ಉದ್ಯೋಗವಾದ್ದರಿಂದ ವಿಷಯದ ಮೇಲೆ ಹಿಡಿತವಿತ್ತು.

ಜೂನ್‌ನಲ್ಲಿ ಪಾಲಕರ ಸಮ್ಮತಿ ಪತ್ರ ಬಂತು: ಮಕ್ಕಳನ್ನು ಮರಾಠಿ ವರ್ಗಕ್ಕೆ ಸೇರಿಸಲು ನಮ್ಮ ಅಭ್ಯಂತರವಿಲ್ಲ. ಕೊಡಲು ಅಣ್ಣನೇ ಮನೆಗೆ ಬಂದಿದ್ದ. ಹೆಂಡತಿ ಚಹಾ ಮಾಡಿದಳು. ನಾನು ಸಹಿ ಹಾಕಿದೆ. ನನ್ನ ಸಹಿ ನೋಡಿ ಉಳಿದವರೂ ಹಾಕಿದರು. ಟವೆಲಿನ ಅಂಚು ಹೊಲಿಯುವವಳು ಮಾತ್ರ ಕಾಗದ ವಾಪಸ್ ಕೊಟ್ಟು, ಮಗನ ದಾಖಲೆ ಕೇಳಿ ಪಡೆದು, ನಾಲ್ಕು ಊರಿನಾಚೆ ಇನ್ನೂ ಕನ್ನಡ ಮಾಸ್ತರರಿರುವ ಶಾಲೆಗೆ ಹಚ್ಚಿದಳು. ಈಗ ದಿನವೂ ಕೆಲಸಕ್ಕೆ ಹೋಗುವ ಮೊದಲು ಅವನನ್ನು ಬಸ್ಸಿಗೆ ಹತ್ತಿಸುತ್ತಾಳೆ.

ಮೊದಲ ವಾರವೇ ಮಗಳು ಕೇಳಿದಳು. “ಅಪ್ಪಾ, ನಾನೂ ಆ ಬಸ್ಸಿಗಿ ಹೋಗ್ಲಿ?”

ಬಸ್ ನಿಲ್ಲುವುದು ಕಾಕಾನ ಮನೆಯೆದುರಿಗೆ. ಹೊತ್ತು ಏರುವ ತನಕ ಅವನು ಅಲ್ಲಿಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.

“ಬಸ್ಸಿನ್ಯಾಗ ಗರ್ದಿ ಭಾಳ ಇರತೈತವ್ವಾ,” ಅಂದೆ.

ಆ ಹೊತ್ತಿನ ಬಸ್ಸು ಖಾಲಿ ಬರುತ್ತದೆ. ಅದು ಅವಳಿಗೂ ಗೊತ್ತು.