ಲೀಲಾ ಎಂಬ ಹೆಸರಿನ ಮನೆ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, "ಆಗ ಅಲ್ಲಿ ಬೇರೆ ಯಾರಿದ್ದರು?" ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಬೇರೆ ಯಾರಾದರೂ ಇದ್ದರೆ ಅವರೇ ಮಾಡಿದ್ದು, ಯಾರೂ ಇಲ್ಲದಿದ್ದರೆ ಹೇಳುವವರ ಭ್ರಮೆ. ಇಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ನಾನು ಹೇಳುವುದನ್ನು ಓದಿ ನೀವೂ ಅದೇ ಪ್ರಶ್ನೆ ಕೇಳಬಹುದು. ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಅಲ್ಲಿ ಹಮೀದ್ ಇದ್ದ.

ಎಂಬತ್ತರ ದಶಕದ ಕೊನೆಯ ದಿನಗಳು. ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನೂ ಹಮೀದನೂ ಕೆಲಸಕ್ಕಿದ್ದೆವು. ಅವನು ಕಾಪುವಿನಲ್ಲಿ ಹತ್ತಿದ ಬಸ್ಸನ್ನೇ ನಾನು ಉದ್ಯಾವರದಲ್ಲಿ ಹತ್ತುತ್ತಿದ್ದೆ. ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಗುಡ್ಡ ಏರುವವರೆಗೂ ನಮ್ಮ ತುಳು ಮಾತು ನಿಲ್ಲುತ್ತಿರಲಿಲ್ಲ.

ಆಗ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಇರಲಿಲ್ಲ. ಎಸಿ ಕೋಣೆಯಲ್ಲಿ ಎಲ್ಲರಿಗೂ ಸೇರಿ ಒಂದು ಸರ್ವರ್, ಪಕ್ಕದ ಹಾಲಿನಲ್ಲಿ ಅದಕ್ಕೆ ಕೇಬಲ್ ಎಳೆದು ಜೋಡಿಸಿದ ಟರ್ಮಿನಲ್‌ಗಳು, ಅಂದರೆ ಬರೀ ಪರದೆ ಮತ್ತು ಕೀಬೋರ್ಡು. ಪ್ರತಿಯೊಬ್ಬ ಅಧ್ಯಾಪಕರಿಗೂ ಸರ್ವರಿನೊಳಗೆ ತಮ್ಮದೇ ಒಂದು ಜಾಗ. ಹೋಮ್ ಡೈರೆಕ್ಟರಿ ಎಂದು ಅದರ ಹೆಸರು; ನಾವು ಮನೆ ಎನ್ನುತ್ತಿದ್ದೆವು. ಅವರು ಯಾವ ಟರ್ಮಿನಲ್ ಮುಂದೆ ಕೂತು ಹೆಸರು, ಪಾಸ್‌ವರ್ಡ್ ಒತ್ತಿದರೂ ಅವರವರ ಮನೆಯೇ ತೆರೆಯುವಂತೆ ಜೋಡಿಸಿಕೊಡುವುದು ನಮ್ಮ ಕೆಲಸ. ಅದಕ್ಕೆ ಬೇಕಾದ ಮುಖ್ಯ ಪಾಸ್‌ವರ್ಡ್ ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ.

ಒಂದು ಬೆಳಿಗ್ಗೆ ಬಳಕೆದಾರರ ನಡುವೆ ಲೀಲಾ ಎಂಬ ಹೆಸರು ಕಂಡಿತು. ಕಾಲೇಜಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಅದು ಹೋಗಲಿ, ಆ ಹೆಸರಿಗೆ ಸ್ವಂತ ಮನೆಯೂ ಇರಲಿಲ್ಲ. ಲೀಲಾ ಎಂದು ಒಳಗೆ ಬಂದವರು ನೇರವಾಗಿ ಇಳಿಯುವುದು ಪರೀಕ್ಷೆಯ ಪ್ರಶ್ನೆಪತ್ರಿಕೆ ಇಟ್ಟಿದ್ದ ಜಾಗಕ್ಕೆ! ತಕ್ಷಣ ಅಳಿಸಿ ಹಾಕಿದೆ. ಮರುದಿನ ಬಂದು ನೋಡಿದರೆ ಪುನಃ ಇತ್ತು.

ಹಮೀದನ ಹತ್ತಿರ ತುಳುವಿನಲ್ಲೇ ಕೇಳಿದೆ, ಯಾರು ಈ ಲೀಲಾ ಎಂದು. ಅವನು ಕನ್ನಡದಲ್ಲಿ ಉತ್ತರಿಸಿದ.

"ನೀವೇ ಹೇಳ್ಬೇಕು. ನಾನು ಎರಡು ಸಲ ಅಳಿಸಿದ್ದೇನೆ."

ಅವನು ನನಗೆ 'ನೀವು' ಎಂದದ್ದು ಅದೇ ಮೊದಲು. ಅವನು ಅಳಿಸಿದ್ದೇನೆ ಎಂದದ್ದನ್ನು ನಾನು ನಂಬಲಿಲ್ಲ. ಆಮೇಲೆ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಅವನನ್ನು ಕೈಯಾರೆ ಹಿಡಿಯಬೇಕೆಂದು ಒಂದು ದಿನ ಎಂದಿಗಿಂತ ಬೇಗನೆ ಹೋದರೆ, ಅವನು ನನಗಿಂತ ಮೊದಲೇ ಬಂದು ಬೀಗ ತೆಗೆಸಿ ಒಳಗೆ ಕೂತಿದ್ದ. ನನ್ನನ್ನು ಹಿಡಿಯಲು ಬಂದಿದ್ದನೋ, ತನ್ನ ಕೆಲಸ ಮುಗಿಸಲು ಬಂದಿದ್ದನೋ, ಹೇಗೆ ಹೇಳುವುದು?

ವಿಷಯ ವಿಭಾಗದ ಮುಖ್ಯಸ್ಥರ ಕಿವಿಗೆ ಬಿತ್ತು. ಕಾರ್ಕಳದವರು, ಸ್ವರ ಏರಿಸಿ ಮಾತಾಡಿದವರಲ್ಲ. "ನೋಡಿ, ನಿಮ್ಮಿಬ್ಬರಲ್ಲಿ ಒಬ್ಬರು ಮಾಡಿದ್ದು. ಯಾರು ಅಂತ ನನಗೆ ಗೊತ್ತಾಗ್ಬೇಕು" ಎಂದರು. ಹಮೀದನಿಗೆ ಅವನ ಮಾವ ಕೊಲ್ಲಿ ದೇಶದ ದಮ್ಮಾಮಿನಲ್ಲಿ ಕೆಲಸ ಗೊತ್ತು ಮಾಡಿದ್ದರು. ಅದಕ್ಕೆ ಬೇಕಾದ ನಡತೆಯ ಸರ್ಟಿಫಿಕೇಟಿಗೆ ಸಹಿ ಹಾಕದೆ ಮುಖ್ಯಸ್ಥರು ಬದಿಗಿಟ್ಟರು.

ಉಪಾಯ ಹೇಳಿದವನು ಹಮೀದನೇ.

"ಪಾಸ್‌ವರ್ಡ್ ಬದಲು ಮಾಡುವ. ಅರ್ಧ ನಾನು ಒತ್ತುತ್ತೇನೆ, ಅರ್ಧ ನೀವು. ಒಬ್ರದ್ದು ಇನ್ನೊಬ್ರು ನೋಡ್ಲಿಕ್ಕಿಲ್ಲ."

"ಆಮೇಲೂ ಬಂದ್ರೆ?"

"ಬಂದ್ರೆ ನಾವಿಬ್ರೂ ಅಲ್ಲ ಅಂತ ಆಯ್ತಲ್ವಾ, ಮಾರಾಯ್ರೆ!"

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೋದೆವು. ಹಾಲಿಗೆ ಹೊರಗಿನಿಂದ ಬೀಗ ಹಾಕಿದೆವು. ಎಸಿ ಕೋಣೆಯಲ್ಲಿ ಸರ್ವರಿನ ಬೆನ್ನಿನಿಂದ ಟರ್ಮಿನಲ್‌ಗಳ ಕೇಬಲ್‌ಗಳನ್ನು ನಾನು ಒಂದೊಂದಾಗಿ ಕಿತ್ತೆ, ಹಮೀದ್ ನೋಡುತ್ತಾ ನಿಂತ. ಉಳಿದದ್ದು ನಮ್ಮ ಮುಂದಿನ ಒಂದೇ ಪರದೆ, ಒಂದೇ ಕೀಬೋರ್ಡು. ಅವನು ಒತ್ತುವಾಗ ನಾನು ಗೋಡೆ ನೋಡಿದೆ. ನಾನು ಒತ್ತುವಾಗ ಅವನು. ಆಮೇಲೆ ಲೀಲಾಳನ್ನು ಅಳಿಸಿ, ಅವಳು ಇಲ್ಲವೆಂದು ಇಬ್ಬರೂ ನೋಡಿ ಖಾತ್ರಿ ಮಾಡಿಕೊಂಡು, ಕೈಕಟ್ಟಿ ಕೂತೆವು.

ಬಹಳ ಹೊತ್ತಿನ ಮೇಲೆ ಹಮೀದ್ ಕೀಬೋರ್ಡಿನ ಕಡೆ ಬಾಗಿದ.

"ಕೈ ತೆಗಿ," ಎಂದೆ.

ಅವನು ಎರಡೂ ಕೈ ಮೇಲೆತ್ತಿದ. "ನೀವೇ ನೋಡಿ."

ಈಗ ಒಳಗೆ ಯಾರು ಯಾರಿದ್ದಾರೆ ಎಂದು ತೋರಿಸುವ ಆದೇಶ ಕೊಟ್ಟೆ. ಮೊದಲ ಸಾಲಿನಲ್ಲಿ ನಾವು. ಅದರ ಕೆಳಗೆ ಇನ್ನೊಂದು ಸಾಲು: ಲೀಲಾ. ಹಾಲಿನ ಕಿಟಕಿ ಪಕ್ಕದ ಟರ್ಮಿನಲ್ಲಿನಿಂದ. ಅದರ ಕೇಬಲ್ಲಿನ ತುದಿ ನನ್ನ ಕಾಲ ಬಳಿ ಬಿದ್ದಿತ್ತು.

ಇಬ್ಬರೂ ಒಟ್ಟಿಗೇ ಎದ್ದೆವು. ಒಬ್ಬನನ್ನು ಅಲ್ಲಿ ಬಿಟ್ಟು ಹೋಗುವ ಧೈರ್ಯ ಇನ್ನೊಬ್ಬನಿಗೆ ಇರಲಿಲ್ಲ. ಹಾಕಿದ ಬೀಗ ಹಾಗೆಯೇ ಇತ್ತು. ಒಳಗೆ ಹೋಗಿ ನೋಡಿದರೆ ಟರ್ಮಿನಲ್ಲಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿದಂತೆಯೇ ಇತ್ತು. ಹಮೀದ್ ಹೊದಿಕೆ ಸರಿಸಿ ಕೈ ಇಟ್ಟವನು ಸರಕ್ಕನೆ ಹಿಂದೆ ತೆಗೆದ.

"ಬಿಸಿ ಉಂಟು."

ನಾನೂ ಮುಟ್ಟಿದೆ. ನನ್ನ ಕೈಗೆ ತಣ್ಣಗೇ ಇತ್ತು. ಹಾಗೆಂದು ಅವನಿಗೆ ಹೇಳಲಿಲ್ಲ. ಎಸಿ ಕೋಣೆಗೆ ಮರಳಿ ನೋಡುವಾಗ ಪರದೆಯಲ್ಲಿ ನಮ್ಮ ಹೆಸರು ಮಾತ್ರ ಉಳಿದಿತ್ತು.

ಮರುದಿನ ಮುಖ್ಯಸ್ಥರಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಲೀಲಾಳನ್ನು ಅಳಿಸಿದ ಮೇಲೆ ಹಮೀದ್ ಕೀಬೋರ್ಡ್ ಮುಟ್ಟಿರಲಿಲ್ಲ ಎಂಬುದನ್ನು ಒತ್ತಿ ಹೇಳಿದೆ. ಅವರು ಅವನ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಪ್ರಶ್ನೆಪತ್ರಿಕೆಗಳನ್ನು ಸರ್ವರಿನಿಂದ ತೆಗೆಸಿ ಕಬ್ಬಿಣದ ಕಪಾಟಿಗೆ ಸೇರಿಸಿದರು. ಸ್ವಲ್ಪ ಸಮಯದಲ್ಲಿ ಹಮೀದ್ ತನ್ನ ಅರ್ಧ ಪಾಸ್‌ವರ್ಡನ್ನು ನನಗೆ ಕೊಟ್ಟು ದಮ್ಮಾಮಿಗೆ ಹೊರಟುಹೋದ. ಆ ಮೇಲೆ ಲೀಲಾ ಬರಲೇ ಇಲ್ಲ.

ಹಾಗಾದರೆ ಅವನೇ, ಅಲ್ಲವೇ? ತಾನಾಗಿ ಆ ಹೆಸರನ್ನು ಮತ್ತೆ ಮತ್ತೆ ಸೇರಿಸುವ ಪ್ರೋಗ್ರಾಂ ಒಂದನ್ನು ಅವನು ಮೊದಲೇ ಅಡಗಿಸಿಟ್ಟಿರಬಹುದು ಎಂದು ನನಗೂ ಅನ್ನಿಸಿತ್ತು. ವಾರಗಟ್ಟಲೆ ಹುಡುಕಿದೆ. ಅಂಥದ್ದೇನೂ ಸಿಗಲಿಲ್ಲ.

ಅವನು ಮೊದಲ ರಜೆಗೆ ಬಂದಾಗ ಕಾಪುವಿನ ಮನೆಗೆ ಹೋದೆ. ಈ ಸಲ ಕೇಳಿಯೇ ಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಚಾ ಬಂತು. ತಂದಿಟ್ಟ ಅವನ ತಂಗಿ ಒಳಗೆ ಹೋಗುವವರೆಗೆ ಕಾದು ಅವನು ಸ್ವರ ತಗ್ಗಿಸಿದ.

"ನಾನು ಹೋದ ಮೇಲೆ ಅದು ಬರ್ಲಿಲ್ಲ, ಅಲ್ವಾ?"

"ಇಲ್ಲ. ನಿನಗೆ ಹೇಗೆ ಗೊತ್ತು?"

"ಈಗಾದ್ರೂ ಸತ್ಯ ಹೇಳಿ. ನನ್ನನ್ನು ಅಲ್ಲಿಂದ ಹೊರಗೆ ಹಾಕ್ಲಿಕ್ಕೆ ತಾನೇ ನೀವು ಅದನ್ನು ಮಾಡಿದ್ದು?"

ನನ್ನ ಮಕ್ಕಳ ಮೇಲೆ ಆಣೆ ಇಟ್ಟು ಇಲ್ಲವೆಂದೆ. "ಆಯ್ತು, ಬಿಡಿ," ಎಂದು ನಕ್ಕು ತಿಂಡಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. ನಾನು ಕೇಳಬೇಕೆಂದು ಹೋದ ಪ್ರಶ್ನೆಯನ್ನೇ ಅವನು ನನಗೆ ಕೇಳಿದ್ದ.

ನಾನು ಮಾಡಿಲ್ಲ, ಅದು ನನಗೆ ಗೊತ್ತು. ಅವನು ಮಾಡಲು ಸಾಧ್ಯವಿರಲಿಲ್ಲ, ಅದೂ ಗೊತ್ತು. ಲೀಲಾಳನ್ನು ಅಳಿಸಿದ ಮೇಲೆ ಆ ಕೈಗಳ ಮೇಲಿಂದ ನಾನು ಕಣ್ಣು ತೆಗೆದಿರಲಿಲ್ಲ. ಈ ಎರಡನ್ನೂ ಒಪ್ಪಿಕೊಂಡರೆ ಉಳಿಯುವುದೇನು ಎಂಬುದು ಇಂದಿಗೂ ನನಗೆ ಹೊಳೆದಿಲ್ಲ. ಅಂದು ಅವನು ಬಸ್ ನಿಲ್ದಾಣದವರೆಗೂ ಬಂದು ನನ್ನನ್ನು ಹತ್ತಿಸಿದ. ಬಸ್ಸು ಹೊರಟ ಮೇಲೆ ಅವನಿಗೆ ತಿಳಿಯದಂತೆ ಹಿಂದಿರುಗಿ ನೋಡಿದೆ. ಅವನು ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ.