ನಿಕಾನೋರ್ ಹೊಡೆಯದ ಏಟು

ನಿಕಾನೋರ್ ತಿರುಗಿಸಿ ಹೊಡೆಯಲಿಲ್ಲ. ಎವಾರಿಸ್ತೋನಿಗೆ ಅವನ ಮೇಲಿರುವ ಸಿಟ್ಟು ಇದೊಂದೇ, ಇವತ್ತಿಗೂ ಆರಿಲ್ಲ. ಏಟು ತಿಂದವನು ಏಟು ಕೊಡಬೇಕು. ಇಸ್ತಾಪಲಾಪಾದ ಸಂತೆಯಲ್ಲಿ ಇದು ಪೊಲೀಸರ ಕಾನೂನಿಗಿಂತ ಹಳೆಯದು. ಇನ್ನೊಬ್ಬನ ಮೂಗು ಒಡೆದವನು ತನ್ನ ಮೂಗನ್ನೂ ಒಡ್ಡಬೇಕು, ಆಮೇಲೆ ಒಟ್ಟಿಗೆ ಕೂತು ಬಿಯರ್ ಕುಡಿದರೆ ಮುಗಿಯಿತು. ನಿಕಾನೋರ್ ಆ ದಾರಿಯನ್ನೇ ಮುಚ್ಚಿಬಿಟ್ಟ.

ಎವಾರಿಸ್ತೋ ಹುಟ್ಟಾ ಜಗಳಗಂಟ. ಮೇಷ್ಟರ ಮೇಲೆ ಕುರ್ಚಿ ಎಸೆದು ಶಾಲೆ ಬಿಟ್ಟ. ಮಿನಿಬಸ್ ಓಡಿಸಿದ, ಇನ್ನೊಬ್ಬ ಡ್ರೈವರನ ಹಲ್ಲು ಉದುರಿಸಿ ಅದನ್ನೂ ಬಿಟ್ಟ. ಕೊನೆಗೆ ಸಂತೆಯ ಚಪ್ಪರದಡಿ ಕಂಪ್ಯೂಟರ್ ಆಟದ ಅಂಗಡಿ ಇಟ್ಟ. ಪರದೆಯ ಮೇಲೆ ಗುದ್ದಾಡುವ ಆಟ, ಆಡಲು ಬರುವವರು ಕಟುಕರು, ಡ್ರೈವರುಗಳು, ಟೊಮೆಟೊ ಹೊರುವವರು. ಅಲ್ಲಿ ಗುದ್ದಿಸಿದರೆ ಇಲ್ಲಿ ಗುದ್ದುವುದು ಬಿಡುತ್ತಾನೆ ಎಂದು ಅವನ ಹೆಂಡತಿ ನಂಬಿದ್ದಳು, ಪಾಪ.

ಎದುರಿನ ರಿಪೇರಿ ಅಂಗಡಿ ನಿಕಾನೋರನದು. ಇಬ್ಬರೂ ಒಂದೇ ಬೀದಿಯಲ್ಲಿ ಮಣ್ಣಾಡಿ ಬೆಳೆದವರು. ಎವಾರಿಸ್ತೋನ ಮಗಳು ಹಿಮೇನಾಳಿಗೆ ಇಗರ್ಜಿಯಲ್ಲಿ ಹೆಸರಿಟ್ಟಾಗ ಕೂಸನ್ನು ನೀರಿನ ಮೇಲೆ ಎತ್ತಿ ಹಿಡಿದವನು ನಿಕಾನೋರ್. ಆ ದಿನದಿಂದ ಅವನು ಕೂಸಿಗೆ ಜ್ಞಾನತಂದೆ, ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆಗಳು. ಬೀಗತನಕ್ಕಿಂತ ಗಟ್ಟಿಯಾದ ನಂಟು ಅದು. "ಲೋ" ಎನ್ನುತ್ತಿದ್ದವರು "ನೀವು" ಎನ್ನತೊಡಗಿದರು. ಕೊಂಪಾದ್ರೆಯ ಮೇಲೆ ಕೈ ಎತ್ತಿದವನನ್ನು ನರಕವೂ ಒಳಗೆ ಬಿಡುವುದಿಲ್ಲ ಎಂದು ಸಂತೆಯ ಮುದುಕಿಯರು ಹೇಳುತ್ತಾರೆ.

ಎವಾರಿಸ್ತೋನ ಅಂಗೈಯಗಲದ ಕಂಪ್ಯೂಟರಿಗೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರಗಿನಿಂದ ಜೋಡಿಸಿಕೊಟ್ಟವನೂ ನಿಕಾನೋರನೇ. ಕಾರ್ಡು ಇಟ್ಟಿಗೆಯಷ್ಟು ದಪ್ಪ, ಒಳಗೆ ಹಿಡಿಸದು. ಅದರ ಹಸಿವೆಗೆ ಆ ಪುಟ್ಟ ಕಂಪ್ಯೂಟರಿನ ಕರೆಂಟೂ ಸಾಲದು. ಅದಕ್ಕೆಂದೇ ಬೇರೆ ಪವರ್ ಸಪ್ಲೈ, ಕಬ್ಬಿಣದ ಡಬ್ಬಿ.

"ಮೊದ್ಲು ಡಬ್ಬಿ ಆನ್ ಮಾಡಿ, ಆಮೇಲೆ ಕಂಪ್ಯೂಟರ್. ಡಬ್ಬಿ ಜೊತೆ ಬಂದ ವೈರ್ ಬಿಟ್ಟು ಬೇರೆ ಹಾಕ್ಬೇಡಿ, ಕೊಂಪಾದ್ರೆ."

"ನನ್ನೇನು ಹಾಲು ಕುಡಿಯೋ ಕೂಸು ಅನ್ಕೊಂಡ್ರಾ?"

ಸಂತೆಯಲ್ಲಿ ಕೈಗೆಟುಕುವ ವಸ್ತು ಸಂಜೆಯವರೆಗೆ ಉಳಿಯುವುದಿಲ್ಲ. ಎವಾರಿಸ್ತೋ ಕಾರ್ಡನ್ನು ಚಪ್ಪರದ ಕಂಬಿಗೆ ಎತ್ತರದಲ್ಲಿ ಬಿಗಿದ. ಡಬ್ಬಿ ಕೆಳಗೇ ಉಳಿಯಿತು, ವೈರು ಮೇಲಕ್ಕೆ ಮುಟ್ಟಲಿಲ್ಲ. ಹಳೆಯ ಕೆಟ್ಟ ಡಬ್ಬಿಯೊಂದರ ಉದ್ದನೆಯ ವೈರು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಹೊಸ ಡಬ್ಬಿಯ ತೂತಿಗೆ ತುರುಕಿದ. ಕಟಕ್ಕೆಂದು ಕೂತಿತು. ಕೂತ ಮೇಲೆ ಇನ್ನೇನು?

ಭಾನುವಾರ ಅಂಗಡಿ ಕಿಕ್ಕಿರಿದಿತ್ತು. ಡಬ್ಬಿಯ ಸ್ವಿಚ್ಚು ಒತ್ತಿದ. ಢಬ್! ಮೇಲಿನಿಂದ ಕಿಡಿ ಸುರಿಯಿತು, ಕಾರ್ಡಿನ ಬೆನ್ನಿಂದ ಬೆಂಕಿಯ ನಾಲಗೆ ಎದ್ದು ಚಪ್ಪರದ ಪ್ಲಾಸ್ಟಿಕ್ಕನ್ನು ನೆಕ್ಕಿತು. ಯಾರೋ ಒದ್ದೆ ಗೋಣಿ ಬೀಸಿ ಆರಿಸಿದರು.

"ಏನ್ಲಾ ಎವಾರಿಸ್ತೋ, ಹಂದಿ ಹುರೀತಿದೀಯಾ?" ಎಂದ ಕಟುಕ ತಿಬೂರ್ಸಿಯೊ. "ಕೊಂಪಾದ್ರೆನೇ ನಿಂಗೆ ಟೋಪಿ ಹಾಕವ್ನೆ ನೋಡು!"

ಜನ ಹೊಟ್ಟೆ ಹಿಡಿದು ನಕ್ಕರು. ಎವಾರಿಸ್ತೋನಿಗೆ ಕಣ್ಣು ಕತ್ತಲಿಟ್ಟಿತು. ಡಬ್ಬಿಯನ್ನು ವೈರುಗಳ ಸಮೇತ ಕಿತ್ತುಕೊಂಡು ಓಣಿ ದಾಟಿದ. ನಿಕಾನೋರ್ ಬೆಂಚಿನ ಹಿಂದೆ ಕೂತು ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ ಕಡುಬು ಬಿಚ್ಚುತ್ತಿದ್ದ.

"ಸುಟ್ಟ ಮಾಲು ಕೊಡ್ತೀಯೇನೋ, ಬೋಳಿಮಗನೇ!"

ವೈರು ಹಿಡಿದು ಡಬ್ಬಿಯನ್ನು ಕವಣೆಯಂತೆ ಬೀಸಿದ. ಮೊದಲನೆಯದು ಹೆಗಲಿಗೆ ಬಿತ್ತು. ಎರಡನೆಯದಕ್ಕೆ ನಿಕಾನೋರ್ ಬಲಗೈಯಿಂದ ತಲೆ ಮುಚ್ಚಿಕೊಂಡ. ಬೆರಳುಗಳು ಒಣ ಕಡ್ಡಿಯಂತೆ ಲಟಲಟನೆ ಮುರಿದವು. ರಿಪೇರಿಗೆ ಬಂದಿದ್ದ ಪರದೆಗಳ ಗಾಜು ಪುಡಿಯಾಯಿತು. ಮನುಷ್ಯ ಬೆಂಚಿನ ಪಕ್ಕ ನೆಲಕ್ಕುರುಳಿದ.

"ಹೊಡಿಯೋ ನಿಕಾನೋರಾ! ಸುತ್ತಿಗೆ ಪಕ್ಕದಲ್ಲೇ ಐತಲ್ಲೋ!" ತಿಬೂರ್ಸಿಯೊ ಕೂಗಿದ.

ನಿಕಾನೋರ್ ಸುತ್ತಿಗೆಯನ್ನು ನೋಡಿದ. ಎವಾರಿಸ್ತೋ ಕೂಡ ನೋಡಿದ. ಆಗ ನಿಕಾನೋರ್ ಕಾಲಿನಿಂದ ಅದನ್ನು ಬೆಂಚಿನಡಿಗೆ ತಳ್ಳಿಬಿಟ್ಟ. ಎವಾರಿಸ್ತೋನ ತಲೆ ಪೂರ್ತಿ ಕೆಟ್ಟದ್ದು ಆಗಲೇ. ಬೂಟುಗಾಲಿನಿಂದ ಬಾಯಿಗೆ ಒದ್ದ.

ನಿಕಾನೋರ್ ರಕ್ತ ಉಗಿದ. ಡಬ್ಬಿಗೆ ಜೋತಾಡುತ್ತಿದ್ದ ವೈರನ್ನೇ ನೋಡಿದ.

"ಈ ವೈರ್ ನಾನು ಕೊಟ್ಟಿದ್ದಲ್ಲ, ಕೊಂಪಾದ್ರೆ. ನಾನು ಕೊಟ್ಟಿದ್ದು ಗಿಡ್ಡದು. ಇದು ಬೇರೆ ಕಂಪನಿದು. ತೂತು ಒಂದೇ ಥರ ಇರುತ್ತೆ, ಒಳಗೆ ಕರೆಂಟ್ ಬರೋ ಜಾಗ ಬೇರೆ. ಅದಕ್ಕೇ ಕಾರ್ಡ್ ಸುಟ್ಟಿದ್ದು."

ಓಣಿಯಲ್ಲಿ ಯಾರೂ ನಗಲಿಲ್ಲ.

ನಿಕಾನೋರನ ಕೈ ಕೂಡಿಕೊಂಡಿತು, ಸೊಟ್ಟಗೆ. ಬೆಸುಗೆ ಕಡ್ಡಿ ಎಡಗೈಗೆ ಬಂತು, ಕೆಲಸ ಅರ್ಧಕ್ಕಿಳಿಯಿತು. ಒಂದು ಬೆಳಿಗ್ಗೆ ಎವಾರಿಸ್ತೋ ಹೋಗಿ ಅದೇ ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟ, ಪಕ್ಕದಲ್ಲಿ ತನ್ನ ಬಲಗೈ ಚಾಚಿದ.

"ಹಾಕಿ."

"ಕೈ ತೆಗೀರಿ. ಅಲ್ಲಿ ಸ್ಕ್ರೂ ಇಟ್ಟಿದೀನಿ."

"ಹೊಡೀರಿ ಅಂದ್ನಲ್ಲ! ಗಂಡಸಲ್ವಾ ನೀವು?"

"ನಿಮ್ಮ ಮಗು ಹಿಡಿದ ಕೈ ನಂದು. ಆಗಲ್ಲ."

ಎವಾರಿಸ್ತೋ ಬೆಂಚನ್ನೇ ಮಗುಚಿ ಹಾಕಿ ಬಂದ. ಸಂಜೆ ಅವನ ಹೆಂಡತಿ ಹೋಗಿ, ನೆಲಕ್ಕೆ ಕೂತು, ಸ್ಕ್ರೂ ಆರಿಸಿಕೊಟ್ಟಳು.

ಹಿಮೇನಾಳಿಗೆ ಹದಿನೈದು ತುಂಬಿದ ಹಬ್ಬಕ್ಕೆ ನಿಕಾನೋರ್ ಬಂದ. ಎಡಗೈಯಲ್ಲಿ ಅವಳ ಕೈ ಹಿಡಿದು ಕುಣಿದ, ಸೊಟ್ಟ ಕೈ ಬೆನ್ನ ಹಿಂದೆ. ಎವಾರಿಸ್ತೋ ಅವನನ್ನು ಸಭಾಂಗಣದ ಹಿಂದಕ್ಕೆ ಎಳೆದೊಯ್ದ.

"ಇಲ್ಲಿ ಯಾರೂ ಇಲ್ಲ. ಒಂದೇ ಒಂದು ಏಟು. ಕಾಲಿಗೆ ಬೀಳ್ತೀನಿ."

"ಕೇಕ್ ಕತ್ತರಿಸ್ತಿದಾರೆ. ಬನ್ನಿ."

ಎವಾರಿಸ್ತೋ ಗೋಡೆಗೆ ಗುದ್ದಿದ, ಗೆಣ್ಣುಗಳ ಚರ್ಮ ಸುಲಿಯುವವರೆಗೂ ಗುದ್ದಿದ. ನಿಕಾನೋರ್ ಕರವಸ್ತ್ರ ತೆಗೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದಲೇ ಗಾಯ ಕಟ್ಟಿದ.

ಮುಂದಿನ ಚಳಿಗಾಲದಲ್ಲಿ ನಿಕಾನೋರ್ ನಿದ್ದೆಯಲ್ಲೇ ಹೋದ. ಶವಪೆಟ್ಟಿಗೆ ಮುಚ್ಚುವ ಮೊದಲು ಎವಾರಿಸ್ತೋ ಬಗ್ಗಿ ನೋಡಿದ. ಎದೆಯ ಮೇಲೆ ಆ ಬಲಗೈ ಅರ್ಧ ತೆರೆದುಕೊಂಡೇ ಇತ್ತು. ಮುಷ್ಟಿ ಕಟ್ಟಲು ಬಾರದ ಕೈ ಅದು. ಎವಾರಿಸ್ತೋ ತನ್ನ ಕೆನ್ನೆಯನ್ನು ಅದರ ಹತ್ತಿರ ತಂದು ತುಸು ಹೊತ್ತು ಕಾದ. ಆಮೇಲೆ ಮುಚ್ಚಳ ಹಾಕಿ ಮೊಳೆ ಹೊಡೆದರು.